ಮಾಡಿದ್ದುಣ್ಣೋ ಮಹಾರಾಯ?

ನಮ್ಮ ಗಾದೆಗಳಲ್ಲಿ ಬುದ್ಧಿ ಹೇಳುವ ಗಾದೆಗಳಿವೆ, ಸಮಾಧಾನ ಹೇಳುವ ಗಾದೆಗಳಿವೆ, ತೀರ್ಪು ಕೊಡುವ ಗಾದೆಗಳೂ ಇವೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಈ ಮೂರನೆಯ ಜಾತಿಗೆ ಸೇರಿದ್ದು. ಸಾಲ ಮಾಡಿ ತುಪ್ಪ ತಿಂದವನ ವಿಷಯದಲ್ಲಿ ಅದನ್ನು ಬಳಸಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಕಾಯಿಲೆ ಬಿದ್ದವರ ವಿಷಯದಲ್ಲೂ ನಾವು ಅದೇ ಗಾದೆಯನ್ನು ಸರಾಗವಾಗಿ ಆಡುತ್ತೇವೆ. ಬಾಯಿಬಿಟ್ಟು ಆಡದಿದ್ದರೆ ಮನಸ್ಸಿನಲ್ಲಾದರೂ ಆಡಿಕೊಳ್ಳುತ್ತೇವೆ. ಪರಿಚಿತರೊಬ್ಬರು ಪರೇಲಿನ ಟಾಟಾ ಆಸ್ಪತ್ರೆಗೆ ಸೇರಿದರೆಂಬ ಸುದ್ದಿ ಬಂದೊಡನೆ ಅನೇಕ ವೇಳೆ ನಮ್ಮ ಮೊದಲ ಪ್ರಶ್ನೆ ‘ಈಗ ಹೇಗಿದ್ದಾರೆ?’ ಎಂದಿರುವುದಿಲ್ಲ; ‘ತಂಬಾಕು ಹಾಕುತ್ತಿದ್ದರೆ?’ ಎಂದಿರುತ್ತದೆ. ಹೌದೆಂಬ ಉತ್ತರ ಬಂದರೆ ನಮಗೆ ಒಂದು ಬಗೆಯ ನೆಮ್ಮದಿ. ನಾವು ತಂಬಾಕು ಹಾಕುವವರಲ್ಲ, ಆದುದರಿಂದ ಆ ಕಾಯಿಲೆ ನಮ್ಮ ಬಾಗಿಲಿಗೆ ಬಾರದು ಎಂಬ ಲೆಕ್ಕಾಚಾರ ಅದರ ಹಿಂದಿದೆ. ರೋಗಿಯ ಮೇಲೆ ಹೊರಿಸಿದ ತಪ್ಪು ನಮ್ಮ ತೋಳಿಗೆ ಕಟ್ಟಿಕೊಂಡ ತಾಯಿತವಾಗುತ್ತದೆ.

ಈ ಗಾದೆಯನ್ನು ಒರೆಗೆ ಹಚ್ಚಿ ನೋಡಲು ಒಂದು ಕಾಯಿಲೆ ಬಹಳ ಅನುಕೂಲವಾಗಿದೆ. ಅದು ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಿದವರಿಗೆ ಬರುವ ಚರ್ಮದ ಕ್ಯಾನ್ಸರು. ಇಲ್ಲಿ ‘ಮಾಡಿದ್ದು’ ಏನೆಂಬುದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು. ‘ಉಣ್ಣುವುದು’ ಏನೆಂಬುದು ರೋಗಿಗೆ ಗೊತ್ತು. ಎರಡರ ನಡುವೆ ಮೂವತ್ತು ನಲವತ್ತು ವರ್ಷಗಳ ಅಂತರ. ಮಾಡಿದ ಕೆಲಸವಾದರೋ ಬಿಸಿಲಿನಲ್ಲಿ ನಿಂತದ್ದು, ಅಷ್ಟೆ.

ಇದು ನಮ್ಮವರಿಗೆ ವಿರಳವಾದ ಕಾಯಿಲೆ, ನಮಗೇಕೆ ಈ ವಿಚಾರ ಎಂದು ವಾಚಕರು ಕೇಳಬಹುದು. ಮಾಟುಂಗ, ಡೊಂಬಿವಲಿಗಳ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳಲ್ಲಿ ಸಂಸಾರ ಹೂಡಿದ್ದಾರೆ. ಮೊಮ್ಮಕ್ಕಳು ಅಗಲ ಅಂಚಿನ ಟೋಪಿ ಇಲ್ಲದೆ ಆಟದ ಬಯಲಿಗೆ ಬಿಡದ ಶಾಲೆಗಳಲ್ಲಿ ಓದುತ್ತಿದ್ದಾರೆ. ಅಲ್ಲಿನ ನೆರೆಹೊರೆಯವರು, ಸಹೋದ್ಯೋಗಿಗಳು, ಕೆಲವು ಮನೆಗಳ ಮಟ್ಟಿಗೆ ಬೀಗರೇ, ಈ ಕಾಯಿಲೆಯೊಡನೆ ಬಾಳುತ್ತಿರುವವರು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗಾದರೂ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರು ಬರುತ್ತದೆ ಎಂದು ಅಲ್ಲಿನ ಕ್ಯಾನ್ಸರ್ ಸಂಸ್ಥೆಗಳು ಲೆಕ್ಕ ಹಾಕಿವೆ. ಆದ್ದರಿಂದ ಈ ಸುದ್ದಿ ಫೋನಿನಲ್ಲಿ ನಮ್ಮ ಮನೆಗೂ ಬರುತ್ತದೆ. ಬಂದಾಗ ಏನೆನ್ನಬೇಕೆಂಬುದು ನಮ್ಮ ಪ್ರಶ್ನೆಯೇ.

ಮೊದಲು ಕಾಯಿಲೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಚರ್ಮದ ಜೀವಕೋಶಗಳನ್ನು ಹೊಕ್ಕು, ಡಿ.ಎನ್.ಎ. ಎಂಬ ಎಳೆಯಲ್ಲಿ ಅಕ್ಕಪಕ್ಕದ ಎರಡು ಕೊಂಡಿಗಳನ್ನು ತಪ್ಪಾಗಿ ಬೆಸೆದುಬಿಡುತ್ತವೆ. ಜೀವಕೋಶ ಇದನ್ನು ಸುಮ್ಮನೆ ನೋಡುತ್ತಾ ಕೂರುವುದಿಲ್ಲ. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಅಲ್ಲಿ ಹೊಸದನ್ನು ಹೆಣೆಯುತ್ತದೆ. ಈ ರಿಪೇರಿಯ ಕ್ರಮವನ್ನು ವಿವರಿಸಿದ ಅಜೀಜ್ ಸಂಜಾರ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆದರೆ ದಿನವೂ ಹರಿಯುವ ಬಟ್ಟೆಗೆ ಎಷ್ಟು ತೇಪೆ ಹಾಕಿದರೂ ಎಲ್ಲೋ ಒಂದು ಕಡೆ ಹೊಲಿಗೆ ತಪ್ಪುತ್ತದೆ. ತಪ್ಪಿದ ಹೊಲಿಗೆಗಳು ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತವೆ. ಕೊನೆಗೆ ಒಂದು ಕೋಶ ಕಡಿವಾಣ ಕಿತ್ತುಕೊಂಡು ಬೆಳೆಯತೊಡಗುತ್ತದೆ. ಹೀಗೆ ಬರುವ ಕ್ಯಾನ್ಸರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಬೇಸಲ್ ಸೆಲ್ ಎಂಬುದು ನಿಧಾನಿ. ಇದ್ದಲ್ಲಿಯೇ ಕೊರೆಯುತ್ತದೆ, ಬೇರೆಡೆಗೆ ಹರಡುವುದು ತೀರ ಅಪರೂಪ. ಸ್ಕ್ವೇಮಸ್ ಸೆಲ್ ಎಂಬುದು ಅದಕ್ಕಿಂತ ಚುರುಕು, ಬಿಟ್ಟರೆ ಹರಡೀತು. ಬಣ್ಣದ ಕೋಶಗಳಲ್ಲಿ ಹುಟ್ಟುವ ಮೆಲನೋಮಾ ಇವುಗಳಲ್ಲಿ ಅತ್ಯಂತ ಅಪಾಯಕಾರಿ.

ಈ ಕಾಯಿಲೆಯೊಡನೆ ಬಾಳುವುದೆಂದರೆ ಏನು? 1950ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಯಲ್ಲಿ ಹುಟ್ಟಿದ ಒಬ್ಬ ಬಿಳಿಯ ರೈತನನ್ನು ಕಲ್ಪಿಸಿಕೊಳ್ಳೋಣ. ಚಿಕ್ಕಂದಿನಲ್ಲಿ ಅಂಗಿಯಿಲ್ಲದೆ ಬರಿಗಾಲಲ್ಲಿ ಓಡಾಡಿದವನು. ಭಾನುವಾರಗಳಂದು ತಾಯಿತಂದೆಯರೇ ಕಡಲ ತಡಿಗೆ ಕರೆದೊಯ್ದು ಬಿಟ್ಟರು. ಬೆನ್ನು ಕೆಂಪಾಗಿ ಸಿಪ್ಪೆ ಏಳುವುದು ಬೇಸಗೆಯ ಮಾಮೂಲು. ಬೆಳೆದ ಮೇಲೆ ನಲವತ್ತು ವರ್ಷ ಹೊಲದ ಕೆಲಸ. ಐವತ್ತು ದಾಟಿದ ಮೇಲೆ ಕಿವಿಯ ಅಂಚಿನಲ್ಲಿ ಒಂದು ಸಣ್ಣ ಹುಣ್ಣು. ಹಕ್ಕಳೆ ಕಟ್ಟಿತು, ಉದುರಿತು, ಮತ್ತೆ ಕಟ್ಟಿತು, ವಾಸಿಯಾಗಲಿಲ್ಲ. ಅಲ್ಲಿಂದ ಶುರು. ಕೆಲವು ತಿಂಗಳಿಗೊಮ್ಮೆ ಚರ್ಮದ ವೈದ್ಯರ ಮುಂದೆ ಬಟ್ಟೆ ಕಳಚಿ ನಿಲ್ಲಬೇಕು. ಕೈಮೇಲಿನ ಒರಟು ಚುಕ್ಕೆಗಳನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಸುಡುತ್ತಾರೆ. ಮೂಗಿನ ತುದಿಯನ್ನು ಕೊಯ್ದು ಕಿವಿಯ ಹಿಂದಿನ ಚರ್ಮವನ್ನು ತಂದು ಹೊಲಿಯುತ್ತಾರೆ. ಬೆನ್ನಿನ ಒಂದು ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದಾಗ ಫಲಿತಾಂಶ ಬರುವವರೆಗಿನ ರಾತ್ರಿಗಳು ಉದ್ದವಾಗುತ್ತವೆ. ತನ್ನ ಬೆನ್ನನ್ನು ತಾನು ನೋಡಿಕೊಳ್ಳಲಾಗದು. ಹೆಂಡತಿ ದೀಪ ಹಿಡಿದು ಹುಡುಕುತ್ತಾಳೆ. ಇದು ಇಂದು ವಾಸಿಯಾಗಿ ನಾಳೆ ಮರೆಯುವ ಜಡ್ಡಲ್ಲ. ಹಾಗೆಂದು ಆತನ ಆಯುಸ್ಸನ್ನು ಮುಗಿಸಿಯೂ ಇಲ್ಲ. ಬಾಡಿಗೆ ಕೊಡದೆ ಕೂತಿರುವ, ಒಕ್ಕಲೆಬ್ಬಿಸಲೂ ಆಗದ ಬಿಡಾರದವನಂತೆ ಅದು ಮೈಯಲ್ಲಿ ನೆಲೆಸಿದೆ.

ಕೊಯ್ದ ಜಾಗದ ನೋವು ಒಂದು ವಾರದ್ದು. ಆತನನ್ನು ಅದಕ್ಕಿಂತ ದೀರ್ಘಕಾಲ ಕಾಡುವುದು ‘ಇದನ್ನು ನಾನೇ ತಂದುಕೊಂಡೆನೆ?’ ಎಂಬ ಪ್ರಶ್ನೆ. ಪಕ್ಕದಲ್ಲಿರುವವರು ‘ಟೋಪಿ ಹಾಕಿಕೊಳ್ಳಬಾರದಿತ್ತೆ?’ ಎಂದಾಗಲೆಲ್ಲ ಅದು ಮತ್ತೆ ಮೇಲೇಳುತ್ತದೆ. ನಮ್ಮ ಗಾದೆ ಆ ದೇಶದ ಭಾಷೆಯಲ್ಲಿ ಇಲ್ಲದಿರಬಹುದು, ಅದರ ಭಾವ ಅಲ್ಲಿಯೂ ಉಂಟು.

ಆತ ಮಾಡಿದ್ದಾದರೂ ಏನು? ಆತನ ಕಾಲಕ್ಕೆ ಬಿಸಿಲು ಔಷಧವಾಗಿತ್ತು. ಬೆಳಕಿನಿಂದ ಚರ್ಮದ ಕ್ಷಯವನ್ನು ಗುಣಪಡಿಸಿದ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಆಗುಸ್ಟ್ ರೋಲಿಯೇ ಎಂಬ ವೈದ್ಯರು ಕ್ಷಯರೋಗಿಗಳನ್ನು ಬಿಸಿಲಿನಲ್ಲಿ ಮಲಗಿಸುವ ಚಿಕಿತ್ಸಾಲಯ ತೆರೆದರು. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಅವರು ಮಕ್ಕಳ ಮೂಳೆ ಬಾಗುವ ರಿಕೆಟ್ಸ್ ರೋಗವನ್ನು ನೇರಳಾತೀತ ದೀಪದಿಂದ ವಾಸಿಮಾಡಿ ತೋರಿಸಿದರು. ಇವಾವುದೂ ಸುಳ್ಳಲ್ಲ; ಡಿ ಜೀವಸತ್ವಕ್ಕೆ ಬಿಸಿಲು ಬೇಕೇ ಬೇಕು. 1920ರ ದಶಕದಿಂದೀಚೆಗೆ ಬಿಸಿಲಿಗೆ ಕಂದಿದ ಮೈಬಣ್ಣ ಬಿಳಿಯರಲ್ಲಿ ಆರೋಗ್ಯದ ಗುರುತೂ ಆಯಿತು, ಫ್ಯಾಷನ್ನೂ ಆಯಿತು. ರಥಸಪ್ತಮಿಯಂದು ಎಕ್ಕದ ಎಲೆ ಮೈಮೇಲಿಟ್ಟು ಸ್ನಾನ ಮಾಡುವ ನಮಗೆ ಸೂರ್ಯ ಆರೋಗ್ಯ ಕೊಡುವ ದೇವರು. ವೈದ್ಯರ ಮಾತು ಕೇಳಿ ಮಕ್ಕಳನ್ನು ಬಿಸಿಲಿಗೆ ಬಿಟ್ಟ ಆ ತಾಯಂದಿರ ಭಾವನೆಯೂ ಅದಕ್ಕಿಂತ ಬಹಳ ದೂರದ್ದಲ್ಲ. ಬಿಸಿಲು ಕುಡಿದ ಹಡಗಿನ ನಾವಿಕರ ಚರ್ಮದಲ್ಲಿ ಕ್ಯಾನ್ಸರು ಹುಟ್ಟುವುದನ್ನು ಜರ್ಮನಿಯ ಪಾಲ್ ಉನ್ನಾ ಅವರು 1894ರಲ್ಲಿಯೇ ಬರೆದಿದ್ದರು, ನಿಜ. ಆದರೆ ವೈದ್ಯರ ಗ್ರಂಥದಲ್ಲಿದ್ದುದು ಕಬ್ಬಿನ ಗದ್ದೆಗೆ ಬರಲು ಬಹಳ ಕಾಲ ಹಿಡಿಯಿತು.

ಇನ್ನೂ ಹಿಂದಕ್ಕೆ ಹೋಗೋಣ. ಬ್ರಿಟಿಷ್ ದ್ವೀಪಗಳ ಮೋಡ ಮುಸುಕಿದ ಆಕಾಶದ ಕೆಳಗೆ ಸಾವಿರಾರು ವರ್ಷ ರೂಪುಗೊಂಡ ಬೆಳ್ಳನೆಯ ಚರ್ಮವದು. 1788ರಿಂದ ಕೈದಿಗಳ ಹಡಗುಗಳು ಆ ಚರ್ಮವನ್ನು ಆಸ್ಟ್ರೇಲಿಯಾದ ಉರಿಬಿಸಿಲಿಗೆ ತಂದಿಳಿಸಿದವು. ಆ ನೆಲದ ಮೂಲನಿವಾಸಿಗಳ ಚರ್ಮದಲ್ಲಿ ಬಿಸಿಲನ್ನು ತಡೆಯುವ ಮೆಲನಿನ್ ಎಂಬ ಬಣ್ಣ ಹೇರಳವಾಗಿದೆ. ಅವರಿಗೆ ಈ ಕಾಯಿಲೆ ಬಹಳ ಕಡಿಮೆ. ಸರಪಳಿ ಹಾಕಿಸಿಕೊಂಡು ಬಂದ ಅಜ್ಜನ ಅಜ್ಜ ಆ ಊರನ್ನು ಆರಿಸಿಕೊಳ್ಳಲಿಲ್ಲ. ಅವನ ಮೈಬಣ್ಣವನ್ನು ಮರಿಮಗ ಆರಿಸಿಕೊಳ್ಳಲಿಲ್ಲ. ‘ಮಾಡಿದ್ದು’ ಎಂಬ ಲೆಕ್ಕದ ಪುಸ್ತಕದಲ್ಲಿ ಮೊದಲ ಪುಟಗಳು ಇವನ ಕೈಬರಹದವೇ ಅಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಹೊರದೇಶಗಳಿಂದ ಆಸ್ಟ್ರೇಲಿಯಾಕ್ಕೆ ವಲಸೆ ಬಂದವರನ್ನು ಸಂಶೋಧಕರು ಪರಿಶೀಲಿಸಿದಾಗ, ಎಳೆಯ ಮಕ್ಕಳಾಗಿ ಬಂದವರಿಗೆ ಅಲ್ಲೇ ಹುಟ್ಟಿದವರಷ್ಟೇ ಮೆಲನೋಮಾದ ಅಪಾಯವಿರುವುದೂ, ಹರೆಯ ಮುಗಿದ ಮೇಲೆ ಬಂದವರಿಗೆ ಅದು ಬಹಳ ಕಡಿಮೆಯಿರುವುದೂ ಕಂಡುಬಂದಿತು. ಎಂದರೆ ಬಾಲ್ಯದ ಬಿಸಿಲಿಗೆ ಲೆಕ್ಕದಲ್ಲಿ ದೊಡ್ಡ ಪಾಲಿದೆ. ಎಪ್ಪತ್ತರಲ್ಲಿ ಉಣ್ಣುವವನು ಏಳರಲ್ಲಿ ಮಾಡಿದ್ದನ್ನು ಉಣ್ಣುತ್ತಿದ್ದಾನೆ.

ಇಲ್ಲಿ ನಮಗೆ ಮಹಾಭಾರತದ ಆದಿಪರ್ವದ ಮಾಂಡವ್ಯ ಋಷಿಯ ಕಥೆ ನೆನಪಾಗುತ್ತದೆ. ಮೌನವ್ರತದಲ್ಲಿದ್ದ ಅವನ ಆಶ್ರಮದಲ್ಲಿ ಕಳ್ಳರು ಮಾಲು ಬಚ್ಚಿಟ್ಟರು. ರಾಜಭಟರು ಕೇಳಿದರೆ ಋಷಿ ಮಾತಾಡಲಿಲ್ಲ. ಕಳ್ಳರ ಜೊತೆ ಅವನನ್ನೂ ಶೂಲಕ್ಕೆ ಹಾಕಿದರು. ತಪೋಬಲದಿಂದ ಅವನು ಸಾಯಲಿಲ್ಲ. ತನ್ನ ತಪ್ಪನ್ನರಿತ ರಾಜ ಕಾಲಿಗೆ ಬಿದ್ದು ಶೂಲವನ್ನು ಕೀಳಲು ನೋಡಿದ, ಬರಲಿಲ್ಲ. ಹೊರಗಿದ್ದಷ್ಟನ್ನು ಕತ್ತರಿಸಿದರು, ಒಳಗಿನ ಮೊನೆ ಒಳಗೇ ಉಳಿಯಿತು. ಅಂದಿನಿಂದ ಅವನಿಗೆ ಅಣಿಮಾಂಡವ್ಯನೆಂದೇ ಹೆಸರು. ಅವನು ಧರ್ಮನ ಬಳಿಗೆ ಹೋಗಿ, ನನಗೇಕೆ ಈ ಶಿಕ್ಷೆ ಎಂದು ಕೇಳಿದ. ನೀನು ಹುಡುಗನಾಗಿದ್ದಾಗ ಹುಳುಗಳಿಗೆ ಕಡ್ಡಿ ಚುಚ್ಚಿ ಆಡಿದ್ದೆ, ಅದರ ಫಲವಿದು ಎಂದ ಧರ್ಮ. ಅಂದರೆ ಸಾಕ್ಷಾತ್ ಧರ್ಮದೇವತೆಯೇ ‘ಮಾಡಿದ್ದುಣ್ಣೋ ಮಹಾರಾಯ’ ಎಂದ. ಮಾಂಡವ್ಯ ಅದನ್ನು ಒಪ್ಪಿಕೊಂಡು ತಲೆ ತಗ್ಗಿಸಿ ಹೊರಟುಹೋಗಲಿಲ್ಲ. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಕೊಟ್ಟ ನಿನ್ನದೇ ಅಧರ್ಮ ಎಂದು ಧರ್ಮನಿಗೇ ಶಾಪ ಕೊಟ್ಟ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವೆನಿಸದು ಎಂಬ ಮೇರೆಯನ್ನೂ ಹಾಕಿದ. ಶಾಪಕ್ಕೊಳಗಾದ ಧರ್ಮ ವಿದುರನಾಗಿ ಹುಟ್ಟಿದ.

ಕರ್ಮಫಲವನ್ನು ನಂಬುವ ನಮ್ಮ ಪರಂಪರೆಯೇ ಹೀಗೆ ಆ ನಂಬಿಕೆಗೊಂದು ಕಟ್ಟೆ ಕಟ್ಟಿತು. ಚರ್ಮಕ್ಕೆ ಮಾಂಡವ್ಯನ ಕಾನೂನು ಗೊತ್ತಿಲ್ಲ. ಅದು ಹದಿನಾಲ್ಕರ ಹಿಂದಿನದನ್ನೂ ಮುಂದಿನದನ್ನೂ ಒಂದೇ ಖಾತೆಯಲ್ಲಿ ಬರೆಯುತ್ತದೆ. ಆದರೆ ತಪ್ಪು ಒಪ್ಪು ಹೇಳುವ ನಮಗೆ ಆ ಕಾನೂನು ಗೊತ್ತಿರಬೇಕು. ನಿಸರ್ಗದಲ್ಲಿ ಇರುವುದು ಕಾರಣ. ತಪ್ಪು ಎಂಬುದು ಮನುಷ್ಯರ ನಡುವಿನ ಮಾತು. ಕಾರಣ ಸಿಕ್ಕಿದೊಡನೆ ಅಪರಾಧಿ ಸಿಕ್ಕಿದನೆಂದು ತಿಳಿಯುವುದೇ ನಮ್ಮ ಗಾದೆಯ ಅವಸರ.

ಈ ಅವಸರ ಎಷ್ಟು ಪೊಳ್ಳೆಂಬುದಕ್ಕೆ ಇನ್ನೊಂದು ಬದಿಯ ಸಾಕ್ಷಿಯೂ ಇದೆ. ನಮ್ಮಂಥ ಕಂದುಬಣ್ಣದವರಿಗೂ ಮೆಲನೋಮಾ ಬರುವುದುಂಟು. ಬಂದಾಗ ಅದು ಅನೇಕ ವೇಳೆ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ, ಬಿಸಿಲು ತಾಕದ ಜಾಗದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಹುಟ್ಟಿದ ಇಂಥ ಕ್ಯಾನ್ಸರಿನಿಂದ 1981ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ. ಅವನು ‘ಮಾಡಿದ್ದು’ ಏನು? ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದ ಆಫ್ರಿಕದ ಮಕ್ಕಳು ಇನ್ನೂ ತಾರುಣ್ಯದಲ್ಲಿಯೇ ಚರ್ಮದ ಕ್ಯಾನ್ಸರಿಗೆ ತುತ್ತಾಗುತ್ತಾರೆ. ಅವರು ಮಾಡಿದ್ದು ಏನು? ಒಂದೇ ಕಾಯಿಲೆ ಒಬ್ಬರಿಗೆ ಬಿಸಿಲಿನಿಂದ, ಇನ್ನೊಬ್ಬರಿಗೆ ಬಿಸಿಲಿಲ್ಲದೆ ಬರುವುದಾದರೆ ಅದನ್ನು ತೀರ್ಪೆಂದು ಓದುವುದು ಹೇಗೆ? ಅಂದಹಾಗೆ, ಅಂಗಾಲಿನಲ್ಲಿ ಹೊಸ ಕಪ್ಪು ಮಚ್ಚೆಯೋ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆಯೋ ಕಂಡರೆ ನಾವೂ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಈ ಕಾಯಿಲೆ ನಮ್ಮದಲ್ಲವೆಂಬ ತಾಯಿತ ಕಟ್ಟಿಕೊಂಡವರಲ್ಲಿ ಅದು ತಡವಾಗಿ ಪತ್ತೆಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಹಾಗಾದರೆ ಯಾರಿಗೂ ಯಾವುದಕ್ಕೂ ಹೊಣೆಯಿಲ್ಲವೆ? ತಿಳಿದೂ ತಿಳಿದೂ ಮಾಡಿದವನಿಗೂ ಇದೇ ಮಾತೆ?

ಇಲ್ಲ. ತಿಳಿವಳಿಕೆ ಬಂದೊಡನೆ ಹೊಣೆಯೂ ಬರುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಪ್ರಚಾರ ಹೂಡಿತು. ಅಂಗಿ ತೊಡಿ, ಮುಲಾಮು ಹಚ್ಚಿ, ಟೋಪಿ ಇಡಿ ಎಂದು ಸಿಡ್ ಎಂಬ ವ್ಯಂಗ್ಯಚಿತ್ರದ ಕಡಲಹಕ್ಕಿ ಟೆಲಿವಿಷನ್ನಿನಲ್ಲಿ ಕುಣಿದು ಹೇಳಿತು. 2007ರಲ್ಲಿ ಅದಕ್ಕೆ ನೆರಳು ಹುಡುಕಿ, ಕಪ್ಪು ಕನ್ನಡಕ ಹಾಕಿ ಎಂಬ ಎರಡು ಮಾತು ಸೇರಿದವು. ಇದನ್ನೆಲ್ಲ ಕೇಳಿದ ಮೇಲೂ ದೀಪದ ಪೆಟ್ಟಿಗೆಯೊಳಗೆ ಮಲಗಿ ಮೈಬಣ್ಣ ಮಾಡಿಕೊಂಡವರಿದ್ದರು. ಅಂಥವರಲ್ಲಿ ಮೆಲ್ಬರ್ನಿನ ಕ್ಲೇರ್ ಆಲಿವರ್ ಒಬ್ಬಳು. ಮೆಲನೋಮಾದಿಂದ 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವಳಿಗೆ 26 ವರ್ಷ. ತನ್ನ ಕೊನೆಯ ವಾರಗಳನ್ನು ಅವಳು ಈ ಪೆಟ್ಟಿಗೆಗಳ ಅಪಾಯವನ್ನು ಜನಕ್ಕೆ ಸಾರುವುದರಲ್ಲಿ ಕಳೆದಳು. 2009ರಲ್ಲಿ ಬ್ರೆಜಿಲ್ ಇವನ್ನು ನಿಷೇಧಿಸಿತು. 2016ರ ಆರಂಭದ ಹೊತ್ತಿಗೆ ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳಲ್ಲೂ ಈ ವ್ಯಾಪಾರ ನಿಂತಿತು. ಆ ಹುಡುಗಿಯ ವಿಷಯದಲ್ಲಿ ‘ಮಾಡಿದ್ದುಣ್ಣು’ ಎಂದಿದ್ದರೆ ಏನು ಸಿಗುತ್ತಿತ್ತು? ಅವಳು ತನ್ನ ಕಾಯಿಲೆಯ ಕಾರಣವನ್ನು ಮುಚ್ಚಿಡದೆ ಇತರರ ಕೈಗೆ ದೀವಟಿಗೆಯಾಗಿ ಕೊಟ್ಟಳು. ಹೊಣೆ ಹೊರುವುದೆಂದರೆ ಹೀಗೆ. ಹಿಂದಕ್ಕೆ ತಿರುಗಿ ತನ್ನನ್ನು ಹೊಡೆದುಕೊಳ್ಳುವುದರಿಂದ ಯಾರ ಮೈಯೂ ಉಳಿಯುವುದಿಲ್ಲ.

ತಿಳಿವಳಿಕೆಯ ಜೊತೆಗೆ ಇನ್ನೊಂದು ಬೇಕು; ಕೈಯಲ್ಲಾಗಬೇಕು. ಬೀಚಿನಲ್ಲಿ ಮಲಗುವವನು ಬೇಕಾದಾಗ ಎದ್ದುಹೋಗಬಲ್ಲ. ಮಾಡಿಗೆ ಹಂಚು ಹೊದಿಸುವವನು, ರಸ್ತೆಗೆ ಡಾಂಬರು ಹಾಕುವವನು ಹೋಗಲಾರ. ಕಲಬುರ್ಗಿ, ವಿಜಾಪುರಗಳ ಕಡೆಯಿಂದ ಬಂದು ಮುಂಬಯಿ, ಪುಣೆಗಳ ಕಟ್ಟಡಗಳಲ್ಲಿ ಕಲ್ಲು ಹೊರುವ ನಮ್ಮವರನ್ನು ಈ ಕ್ಯಾನ್ಸರಿನಿಂದ ಅವರ ಮೈಬಣ್ಣ ಬಹುಮಟ್ಟಿಗೆ ಕಾಯುತ್ತದೆ. ಬಿಸಿಲಿನ ಹೊಡೆತದಿಂದ ಕಾಯುವುದಿಲ್ಲ. ಕಣ್ಣಿನ ಪೊರೆಗೂ ಈ ಕಿರಣಗಳು ಒಂದು ಕಾರಣ. ‘ಬಿಸಿಲಿಗೆ ಹೋಗಬೇಡಿ’ ಎಂಬ ಉಪದೇಶ ಅವರ ಪಾಲಿಗೆ ‘ಉಣ್ಣಬೇಡಿ’ ಎಂದಂತೆ. ಅಲ್ಲಿ ಹೊಣೆ ನೆರಳು ಕೊಡಬೇಕಾದವರದು.

ತಪ್ಪಿಲ್ಲದೆಯೂ ಹೊಣೆ ಹೊರಬಹುದು ಎಂಬುದಕ್ಕೆ ಲೋಕವೇ ಒಂದು ದೊಡ್ಡ ನಿದರ್ಶನ ಕೊಟ್ಟಿದೆ. ಫ್ರಿಜ್ಜುಗಳಲ್ಲಿ, ಸುಗಂಧ ಸಿಂಪಡಿಸುವ ಡಬ್ಬಿಗಳಲ್ಲಿ ಬಳಸುತ್ತಿದ್ದ ಒಂದು ಜಾತಿಯ ಅನಿಲ ನೇರಳಾತೀತ ಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ಕರಗಿಸುತ್ತದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ಆ ಪದರ ತೆಳುವಾದುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದರು. ಹಾಲು ಕೆಡದಿರಲೆಂದು ಫ್ರಿಜ್ ಕೊಂಡ ಗೃಹಿಣಿಯದು ತಪ್ಪೆ? ಯಾರೂ ಹಾಗೆನ್ನಲಿಲ್ಲ. ಯಾರದು ಪಾಪವೆಂದು ಜಗಳಾಡುತ್ತಾ ಕೂರದೆ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಕ್ರಮೇಣ ಜಗತ್ತಿನ ಎಲ್ಲ ದೇಶಗಳೂ ಅದಕ್ಕೆ ಸೇರಿದವು. ಮೇಲಿನ ಆಕಾಶದ ವಿಷಯದಲ್ಲಿ ಮನುಷ್ಯರಿಗೆ ಬಂದ ಈ ವಿವೇಕ ಪಕ್ಕದ ಹಾಸಿಗೆಯ ರೋಗಿಯ ವಿಷಯದಲ್ಲಿ ಬಾರದೇಕೆ?

ಮತ್ತೆ ಆ ರೈತನ ಬಳಿಗೆ ಬರೋಣ. ಅವನೂ ಒಬ್ಬ ಅಣಿಮಾಂಡವ್ಯ. ಹೊರಗಿನದನ್ನು ಕತ್ತರಿಸಬಹುದು, ಮೊನೆ ಒಳಗೇ ಉಳಿಯುತ್ತದೆ. ಮಾಂಡವ್ಯ ಆ ಮೊನೆಯನ್ನಿಟ್ಟುಕೊಂಡೇ ಲೋಕ ಸುತ್ತಿದ, ತಪಸ್ಸು ಮಾಡಿದ. ಹಾಗೆ ಬಾಳುವುದಕ್ಕೆ ಇಂದು ಹಿಂದೆಂದಿಗಿಂತ ಹೆಚ್ಚು ಆಧಾರವಿದೆ. ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಊರಿನಲ್ಲಿ 1992ರಲ್ಲಿ 1,621 ಜನರನ್ನು ಸೇರಿಸಿಕೊಂಡು ಒಂದು ಪ್ರಯೋಗ ಆರಂಭವಾಯಿತು. ಅವರು 25ರಿಂದ 75 ವಯಸ್ಸಿನವರು, ಎಂದರೆ ಬಾಲ್ಯದ ಬಿಸಿಲನ್ನು ಆಗಲೇ ಉಂಡವರು. ಒಂದು ಗುಂಪಿನವರು ನಾಲ್ಕೂವರೆ ವರ್ಷ ತಪ್ಪದೆ ದಿನವೂ ಮುಖ, ಕತ್ತು, ಕೈಗಳಿಗೆ ಬಿಸಿಲು ತಡೆಯುವ ಮುಲಾಮು ಹಚ್ಚಿದರು. ಅವರಲ್ಲಿ ಸ್ಕ್ವೇಮಸ್ ಸೆಲ್ ಗಂಟುಗಳು ಸುಮಾರು ಐದರಲ್ಲಿ ಎರಡು ಪಾಲು ಕಡಿಮೆಯಾದವು. ಮುಂದೆ ಹತ್ತು ವರ್ಷ ಕಾದು ನೋಡಿದಾಗ ಹೊಸ ಮೆಲನೋಮಾಗಳು ಇನ್ನೊಂದು ಗುಂಪಿನಲ್ಲಿ 22, ಇವರಲ್ಲಿ 11. ಹರಡಿದ ಮೆಲನೋಮಾಕ್ಕೂ ದೇಹದ ರಕ್ಷಣಾಶಕ್ತಿಯ ಕಟ್ಟು ಬಿಚ್ಚುವ ಔಷಧಿಗಳು 2011ರಿಂದೀಚೆಗೆ ಬಂದಿವೆ. ಅವುಗಳ ಹಿಂದಿನ ಸಂಶೋಧನೆಗೆ ಆಲಿಸನ್ ಮತ್ತು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಎಲ್ಲರೂ ಉಳಿಯುತ್ತಾರೆಂದು ಹೇಳಲಾಗದು. ಆದರೆ ಹಳೆಯ ಖಾತೆ ಏನೇ ಇರಲಿ, ಇಂದು ಬರೆಯುವ ಸಾಲಿಗೆ ಬೆಲೆಯಿದೆ ಎಂಬುದು ನ್ಯಾಂಬೋರಿನ ಪಾಠ.

ಆದ್ದರಿಂದ ನಮಗೆ ತೋರುವುದಿಷ್ಟು. ಕಾರಣವನ್ನು ಹುಡುಕುವುದು ವೈದ್ಯರ ಧರ್ಮ. ಅದನ್ನು ಮಕ್ಕಳಿಗೆ ತಿಳಿಸುವುದು ಹಿರಿಯರ ಧರ್ಮ. ನೆರಳು ಒದಗಿಸುವುದು ಸಮಾಜದ, ಸರಕಾರದ, ಕೆಲಸ ಕೊಟ್ಟವರ ಧರ್ಮ. ಕಾಯಿಲೆಯವನ ಪಾಲಿನ ಧರ್ಮ ಟೋಪಿ ಇಟ್ಟುಕೊಳ್ಳುವುದು, ತಪಾಸಣೆ ತಪ್ಪಿಸದಿರುವುದು, ಉಳಿದ ದಿನಗಳನ್ನು ಪಶ್ಚಾತ್ತಾಪಕ್ಕೆ ಒತ್ತೆಯಿಡದಿರುವುದು. ನಮ್ಮ ಪಾಲಿಗೆ ಬರುವುದು ಇವೆಲ್ಲಕ್ಕಿಂತ ಸಣ್ಣ ಕೆಲಸ. ಬ್ರಿಸ್ಬೇನಿನಿಂದಲೋ, ಪರೇಲಿನಿಂದಲೋ ಇಂಥ ಸುದ್ದಿ ಬಂದಾಗ, ‘ಏನು ಮಾಡಿದ್ದಕ್ಕೆ ಬಂತು?’ ಎಂಬ ಪ್ರಶ್ನೆಯನ್ನು ನುಂಗಿಕೊಂಡು, ‘ಮುಂದಿನ ತಪಾಸಣೆ ಯಾವಾಗ? ಜೊತೆಗೆ ಯಾರು ಹೋಗುತ್ತಿದ್ದಾರೆ?’ ಎಂದು ಕೇಳಬಹುದಲ್ಲವೆ?